ತೊಗಲಿನ ಶಿರಸ್ತ್ರಾಣ: ಅದರ ಚರಿತ್ರೆ ಮತ್ತು ರಕ್ಷಣೆ



ಚರಿತ್ರೆಯ ಆಧಾರಗಳೆಂದೊಡನೆ ಶಾಸನ, ನಾಣ್ಯ, ಓಲೆಗರಿಗಳು ನಮ್ಮ ನೆನಪಿಗೆ ಬರುತ್ತವೆ. ಸಾಮಾನ್ಯ ಸೈನಿಕನು ತಲೆಯ ಮೇಲೆ ಹೊತ್ತ ತೊಗಲಿನ ಶಿರಸ್ತ್ರಾಣವೂ ಅಂಥ ಆಧಾರವೇ ಸರಿ. ಜರ್ಮನಿಯ ‘ಪಿಕಲ್‌ಹೌಬೆ’ ಇದಕ್ಕೆ ಒಳ್ಳೆಯ ನಿದರ್ಶನ.

1842ರಲ್ಲಿ ಪ್ರಷ್ಯದ ದೊರೆ ನಾಲ್ಕನೆಯ ಫ್ರೆಡರಿಕ್ ವಿಲಿಯಮನು ಇದನ್ನು ತನ್ನ ಪದಾತಿಗಳಿಗೆ ಗೊತ್ತುಮಾಡಿದನು. ಹದಮಾಡಿದ ದಪ್ಪ ತೊಗಲಿಗೆ ಅಚ್ಚಿನಲ್ಲಿ ಆಕಾರವನ್ನು ಕೊಟ್ಟು, ಕಪ್ಪು ಮೆರುಗೆಣ್ಣೆಯನ್ನು ಬಳಿದು, ಹಣೆಯ ಮೇಲೆ ಹಿತ್ತಾಳೆಯ ಹದ್ದನ್ನೂ ನೆತ್ತಿಯ ಮೇಲೆ ಚೂಪಾದ ಮೊನೆಯನ್ನೂ ಕೂಡಿಸುತ್ತಿದ್ದರು. ಇತರ ಜರ್ಮನ್ ಸಂಸ್ಥಾನಗಳೂ ಒಂದೊಂದಾಗಿ ಇದನ್ನು ಸ್ವೀಕರಿಸಿದವು; ಬವೇರಿಯವು 1886ರಲ್ಲಿ ಒಪ್ಪಿತು. ಹೊಳಪು ಶತ್ರುವಿನ ಕಣ್ಣಿಗೆ ಬೀಳದಿರಲೆಂದು 1892ರಲ್ಲಿ ಬಟ್ಟೆಯ ಗವುಸು ಬಂದಿತು.

1914ರಲ್ಲಿ ಮಹಾಯುದ್ಧವು ಆರಂಭವಾಯಿತು. ಬ್ರಿಟಿಷ್ ನೌಕಾಬಲವು ಸಮುದ್ರಮಾರ್ಗಗಳನ್ನು ತಡೆದುದರಿಂದ ದಕ್ಷಿಣ ಅಮೆರಿಕದ ಚರ್ಮ ಜರ್ಮನಿಗೆ ಬರುವುದು ನಿಂತಿತು. ಆಗ ಫೆಲ್ಟ್, ತೆಳುವಾದ ಲೋಹದ ತಗಡು, ಕಡೆಗೆ ಕಾಗದದಿಂದಲೂ ಶಿರಸ್ತ್ರಾಣಗಳನ್ನು ಮಾಡಿದರು. 1915ರ ಮಾದರಿಯಲ್ಲಿ ಹಿತ್ತಾಳೆಯ ಬದಲು ಬೂದುಬಣ್ಣದ ಉಕ್ಕು ಬಂದಿತು, ಮೊನೆಯನ್ನು ಕಳಚಿಡುವಂತಾಯಿತು. ತೊಗಲು ಸಿಡಿಗುಂಡಿನ ಚೂರುಗಳನ್ನು ತಡೆಯಲಾರದೆಂದು ಕಂಡು, 1916ರಿಂದ ಉಕ್ಕಿನ ಶಿರಸ್ತ್ರಾಣವನ್ನು ಹಂಚತೊಡಗಿದರು. ಒಂದು ಸಾಮ್ರಾಜ್ಯದ ಬಡತನವನ್ನು ಯಾವ ಸರಕಾರಿ ಪ್ರಕಟಣೆಯೂ ಇಷ್ಟು ನೇರವಾಗಿ ಒಪ್ಪಿಕೊಳ್ಳಲಾರದು. ಮಿತ್ರಪಕ್ಷದ ಸೈನಿಕರು ನೆನಪಿನ ಕಾಣಿಕೆಯಾಗಿ ಒಯ್ದ ಈ ವಸ್ತುಗಳು ಇಂದು ಅನೇಕ ದೇಶಗಳ ವಸ್ತುಸಂಗ್ರಹಾಲಯಗಳಲ್ಲಿಯೂ ಮನೆಗಳಲ್ಲಿಯೂ ಇವೆ.

ಇವುಗಳಿಗೆ ಶತ್ರುಗಳು ಹಲವು. ಗಾಳಿ ತೀರ ಒಣಗಿದರೆ ತೊಗಲು ಸೆಡೆತು ಮುಂಚಾಚಿನ ಹೊಲಿಗೆ ಬಿಡುತ್ತದೆ. ತೇವ ಹೆಚ್ಚಿದರೆ ಬೂಷ್ಟು ಹಿಡಿಯುತ್ತದೆ. ನಗರದ ಹೊಗೆಯಲ್ಲಿರುವ ಗಂಧಕದ ಅಂಶವು ತೊಗಲಿನಲ್ಲಿ ಆಮ್ಲವಾಗಿ, ಅದನ್ನು ಕೆಂಪು ಪುಡಿಯಾಗಿ ಉದುರಿಸುತ್ತದೆ. ತೊಗಲಿನ ಜಿಡ್ಡು ಹಿತ್ತಾಳೆಗೆ ತಗುಲಿದೆಡೆ ಹಸುರು ಕಿಲುಬು ಕಟ್ಟುತ್ತದೆ.

ಇವೆಲ್ಲಕ್ಕಿಂತ ದೊಡ್ಡ ಶತ್ರುವೆಂದರೆ ಒಡೆಯನ ಪ್ರೀತಿ. ಹಳೆಯದನ್ನು ಹೊಸದಾಗಿ ಕಾಣಿಸಬೇಕೆಂಬ ಹಂಬಲದಿಂದ ಅವನು ಎಣ್ಣೆಯನ್ನು ತಿಕ್ಕುತ್ತಾನೆ, ಬಣ್ಣ ಬಳಿಯುತ್ತಾನೆ, ಹಿತ್ತಾಳೆಯನ್ನು ಬೆಳಗುತ್ತಾನೆ. ಎಣ್ಣೆಯು ಧೂಳನ್ನು ಹಿಡಿದು, ತೊಗಲನ್ನು ಕಪ್ಪಾಗಿಸಿ, ಕಿಲುಬನ್ನು ಹೆಚ್ಚಿಸುತ್ತದೆ. ಒಳಗಡೆ ಒತ್ತಿದ ದಳದ ಮುದ್ರೆ, ತಯಾರಾದ ವರ್ಷ, ಸೈನಿಕನು ಬರೆದುಕೊಂಡ ಹೆಸರು ಇವು ಅಳಿಸಿಹೋದರೆ ಮರಳಿ ಬಾರವು. ಹಿಂದೆ ವಸ್ತುಸಂಗ್ರಹಾಲಯಗಳೇ ಎಣ್ಣೆಯನ್ನು ಹಚ್ಚುತ್ತಿದ್ದವು. ಈಗಿನ ತಜ್ಞರು ಆ ಪದ್ಧತಿಯನ್ನು ಬಿಟ್ಟಿದ್ದಾರೆ.

ಮಾಡತಕ್ಕುದು ಸ್ವಲ್ಪವೇ. ಮೆತ್ತನೆಯ ಕುಂಚದಿಂದ ಧೂಳನ್ನು ತೆಗೆಯಬೇಕು. ಆಮ್ಲರಹಿತವಾದ ತೆಳುಕಾಗದವನ್ನು ಒಳಗೆ ತುಂಬಿ, ಭಾರವು ಅಂಚಿನ ಮೇಲೆ ಬೀಳದಂತೆ ಮೆತ್ತೆಯ ಆಧಾರದ ಮೇಲಿಡಬೇಕು. ಗದ್ದದ ಪಟ್ಟಿಯಿಂದ ತೂಗುಹಾಕಬಾರದು. ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಬಾರದು. ಗಾಳಿಯ ಸಾಪೇಕ್ಷ ಆರ್ದ್ರತೆ ನೂರಕ್ಕೆ 45ರಿಂದ 55ರಷ್ಟು ಇದ್ದು ಏರಿಳಿಯದಿರುವುದು ಉತ್ತಮ. ಬಿಸಿಲು ಸೋಕಬಾರದು. ಬಿರಿದ ಹೊಲಿಗೆಯನ್ನು ತಜ್ಞರಿಗೇ ಬಿಡಬೇಕು.

ಕಾಪಾಡುವುದೆಂದರೆ ಹೊಸತುಮಾಡುವುದಲ್ಲ. ಗೀರು, ಕಲೆ, ಬಿರುಕುಗಳೂ ಆ ವಸ್ತುವಿನ ಸಾಕ್ಷ್ಯದ ಭಾಗಗಳೇ. ಸಾಕ್ಷಿಯನ್ನು ಸಿಂಗರಿಸುವ ಭರದಲ್ಲಿ ಅದರ ಬಾಯಿಯನ್ನು ಕಟ್ಟದಿರೋಣವೆಂದು ಅರಿಕೆಮಾಡಿ, ಈ ಭಾಷಣವನ್ನು ಮುಗಿಸುತ್ತೇನೆ.