ರೋಗ, ಮತ, ರನ್ನು: ಎಣಿಕೆ ಚಿತ್ರವಾದ ಬಗೆ

ಅಂಕಿಗಳನ್ನು ಪಟ್ಟಿ ಮಾಡಿ ಇಡುವ ರೂಢಿ ಕಂದಾಯ ವಸೂಲಿಯಷ್ಟೇ ಹಳೆಯದು. ಅವೇ ಅಂಕಿಗಳನ್ನು ಗೆರೆ, ಕಂಬ, ಬಣ್ಣಗಳಲ್ಲಿ ತೋರಿಸುವ ರೂಢಿಗೆ ಮಾತ್ರ ಇನ್ನೂರೈವತ್ತು ವರ್ಷವೂ ತುಂಬಿಲ್ಲ. ರೋಗದ ಲೆಕ್ಕ, ಮತದ ಲೆಕ್ಕ, ಆಟದ ಲೆಕ್ಕ ಈ ಮೂರೂ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕೈಗಳಲ್ಲಿ ಚಿತ್ರವಾದವು. ಬರೆದವರಲ್ಲಿ ಹಲವರು ತಟಸ್ಥ ಗುಮಾಸ್ತರಾಗಿರಲಿಲ್ಲ. ಒಂದು ವಾದವನ್ನು ಗೆಲ್ಲಬೇಕೆಂಬ ಹಟ ಅವರಿಗಿತ್ತು. ಏನನ್ನು ಎಣಿಸಬೇಕು, ಏನನ್ನು ಬಿಡಬೇಕು ಎಂಬ ತೀರ್ಮಾನ ಚಿತ್ರ ಬರೆಯುವ ಮೊದಲೇ ಆಗಿರುತ್ತಿತ್ತು.

ಈ ಕಲೆಯ ಮೂಲಪುರುಷ ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್. ಉಗಿಯಂತ್ರದ ಜೇಮ್ಸ್ ವಾಟ್ ಬಳಿ ನಕ್ಷೆಗಾರನಾಗಿ ಪಳಗಿದ್ದ ಈತ 1786ರಲ್ಲಿ ‘ಕಮರ್ಷಿಯಲ್ ಅಂಡ್ ಪೊಲಿಟಿಕಲ್ ಅಟ್ಲಾಸ್’ ಎಂಬ ಪುಸ್ತಕ ಹೊರತಂದ. ಇಂಗ್ಲೆಂಡಿನ ಆಮದು ರಫ್ತು ವರ್ಷದಿಂದ ವರ್ಷಕ್ಕೆ ಹೇಗೆ ಏರಿತು, ಹೇಗೆ ಇಳಿಯಿತು ಎಂಬುದನ್ನು ಅದರಲ್ಲಿ ಗೆರೆಗಳಾಗಿ ಎಳೆದಿದ್ದ. ಸ್ಕಾಟ್ಲೆಂಡಿನ ಸರದಿ ಬಂದಾಗ ತೊಡಕಾಯಿತು. ಅಲ್ಲಿನ ವ್ಯಾಪಾರದ ಲೆಕ್ಕ ಅವನಿಗೆ ಸಿಕ್ಕಿದ್ದು ಒಂದೇ ವರ್ಷದ್ದು, ಒಂದು ವರ್ಷದ ಲೆಕ್ಕದಿಂದ ಏರಿಳಿತದ ಗೆರೆ ಎಳೆಯಲಾಗದು. ಹಾಗಾಗಿ ಸ್ಕಾಟ್ಲೆಂಡ್ ವ್ಯಾಪಾರ ಮಾಡುತ್ತಿದ್ದ ಹದಿನೇಳು ನಾಡುಗಳಿಗೂ ಉದ್ದುದ್ದ ಪಟ್ಟಿಗಳನ್ನು ಬರೆದ. ಇವತ್ತು ಶಾಲೆಯ ಮಕ್ಕಳು ಬರೆಯುವ ಸ್ತಂಭಾಲೇಖ ಹುಟ್ಟಿದ್ದು ಹೀಗೆ, ಮಾಹಿತಿ ಸಾಲದೆ. ಪ್ಲೇಫೇರ್‌ಗೆ ಈ ಚಿತ್ರ ಅಷ್ಟೇನೂ ಹಿಡಿಸಿರಲಿಲ್ಲ. 1801ರಲ್ಲಿ ಆತನೇ ವೃತ್ತವನ್ನು ಹೋಳು ಮಾಡಿ ತೋರಿಸುವ ಪೈ ಚಾರ್ಟನ್ನೂ ಬರೆದ.

ವ್ಯಾಪಾರದ ಈ ವಿದ್ಯೆ ಜನರ ಜೀವದ ಪ್ರಶ್ನೆಗೆ ಬಂದದ್ದು ಕಾಲರಾದಿಂದ. 1854ರ ಆಗಸ್ಟ್ ಕೊನೆಯಲ್ಲಿ ಲಂಡನ್ನಿನ ಸೋಹೊ ಭಾಗದ ಬ್ರಾಡ್ ಸ್ಟ್ರೀಟ್ ಸುತ್ತಮುತ್ತ ಕಾಲರಾ ಹಬ್ಬಿತು. ಹತ್ತು ದಿನಗಳಲ್ಲಿ 500ಕ್ಕೂ ಹೆಚ್ಚು ಜನ ಸತ್ತರು. ಕೊಳೆತ ಗಾಳಿಯೇ ಕಾಲರಾಕ್ಕೆ ಕಾರಣ ಎಂಬುದು ಆಗಿನ ಬಹುತೇಕ ವೈದ್ಯರ ನಂಬಿಕೆ. ಜಾನ್ ಸ್ನೋ ಎಂಬ ವೈದ್ಯರು ಮಾತ್ರ ನೀರಿನಿಂದ ಬರುತ್ತದೆ ಎಂದು ಮೊದಲಿನಿಂದಲೂ ವಾದಿಸುತ್ತಿದ್ದರು. ಸತ್ತವರ ಪಟ್ಟಿ ತರಿಸಿಕೊಂಡು, ಅವರ ಮನೆಯವರು ಎಲ್ಲಿಂದ ನೀರು ತರುತ್ತಿದ್ದರೆಂದು ಕೇಳುತ್ತ ಹೋದರು. ಬ್ರಾಡ್ ಸ್ಟ್ರೀಟಿನ ಕೈಪಂಪಿನತ್ತ ಬೆರಳು ಹೋಯಿತು. ಸೆಪ್ಟೆಂಬರ್ 8ರಂದು ಸ್ಥಳೀಯ ಮಂಡಳಿ ಆ ಪಂಪಿನ ಹಿಡಿಕೆ ಕೀಳಿಸಿತು.

ಸ್ನೋ ನಕ್ಷೆ ಬರೆದರು, ನಕ್ಷೆ ನೋಡಿ ಹಿಡಿಕೆ ಕಿತ್ತರು, ರೋಗ ನಿಂತಿತು ಎಂದೇ ಈ ಕಥೆಯನ್ನು ಸಾಮಾನ್ಯವಾಗಿ ಹೇಳುವುದು. ನಡೆದದ್ದು ಹಾಗಲ್ಲ. ಹಿಡಿಕೆ ಕೀಳುವ ಹೊತ್ತಿಗೆ ಜನ ಊರು ಬಿಟ್ಟು ಓಡಿದ್ದರು, ರೋಗ ಆಗಲೇ ಇಳಿಮುಖವಾಗಿತ್ತು. ಇದನ್ನು ಸ್ನೋ ತಾವೇ ಬರೆದಿದ್ದಾರೆ. ನಕ್ಷೆ ತಯಾರಾದದ್ದು ಆಮೇಲೆ, ಒಪ್ಪದವರನ್ನು ಒಪ್ಪಿಸಲು. ಅದರಲ್ಲಿ ಪ್ರತಿ ಸಾವಿಗೂ ಒಂದು ಕಪ್ಪು ಗೀಟು. ಒಂದೇ ಮನೆಯಲ್ಲಿ ನಾಲ್ವರು ಸತ್ತಿದ್ದರೆ ಮನೆಯ ಮುಂದೆ ನಾಲ್ಕು ಗೀಟು ಒಂದರ ಮೇಲೊಂದು. ಪಂಪಿನ ಸುತ್ತ ಈ ಗೀಟುಗಳು ಒತ್ತೊತ್ತಾಗಿವೆ, ದೂರ ಹೋದಂತೆ ವಿರಳವಾಗುತ್ತವೆ. ಮುಂದೆ ತಿದ್ದಿದ ನಕ್ಷೆಯಲ್ಲಿ ಅವರು ಇನ್ನೊಂದು ಗೆರೆ ಸೇರಿಸಿದರು. ಬ್ರಾಡ್ ಸ್ಟ್ರೀಟ್ ಪಂಪಿಗೂ ಅಕ್ಕಪಕ್ಕದ ಬೇರೆ ಪಂಪುಗಳಿಗೂ ನಡೆದು ಹೋಗಲು ಸಮದೂರವಾಗುವ ಜಾಗಗಳನ್ನು ಜೋಡಿಸಿದ ಗೆರೆ ಅದು. ಕಾಗೆ ಹಾರುವ ದಾರಿಯಲ್ಲ, ಕೊಡ ಹಿಡಿದವರು ಓಣಿಗಳಲ್ಲಿ ಸುತ್ತಿ ಬರುವ ದಾರಿ ಅಲ್ಲಿ ಲೆಕ್ಕಕ್ಕೆ ಬಂದಿತ್ತು.

ಗೀಟುಗಳಿಲ್ಲದ ಜಾಗಗಳೂ ಅಷ್ಟೇ ಮಾತಾಡಿದವು. ಹತ್ತಿರದ ವರ್ಕ್‌ಹೌಸಿನಲ್ಲಿ 535 ಬಡವರಿದ್ದರು, ಅಲ್ಲಿ ಸತ್ತವರು ಐದೇ ಜನ. ಅವರಿಗೆ ಸ್ವಂತ ಬಾವಿಯಿತ್ತು. ಬ್ರಾಡ್ ಸ್ಟ್ರೀಟಿನಲ್ಲೇ ಇದ್ದ ಬಿಯರ್ ಕಾರ್ಖಾನೆಯ ಎಪ್ಪತ್ತಕ್ಕೂ ಹೆಚ್ಚು ಆಳುಗಳಲ್ಲಿ ಒಬ್ಬರೂ ಕಾಲರಾದಿಂದ ಸಾಯಲಿಲ್ಲ. ಅವರು ಕುಡಿಯುತ್ತಿದ್ದದ್ದು ಬಿಯರನ್ನು, ಪಂಪಿನ ನೀರನ್ನಲ್ಲ. ಇಷ್ಟಾದರೂ ನಕ್ಷೆ ತನ್ನಷ್ಟಕ್ಕೆ ಏನನ್ನೂ ಸಾಧಿಸಲಿಲ್ಲ. ಚರಂಡಿ ಇಲಾಖೆಯ ಎಂಜಿನಿಯರ್ ಎಡ್ಮಂಡ್ ಕೂಪರ್ ಅದೇ ಬೀದಿಗಳ, ಅದೇ ಸಾವುಗಳ ನಕ್ಷೆಯನ್ನು ಸ್ನೋಗಿಂತ ಮೊದಲೇ ಬರೆದಿದ್ದರು. ಪ್ಲೇಗಿನ ಕಾಲದ ಹಳೆಯ ಹೆಣದ ಗುಂಡಿಯನ್ನು ಚರಂಡಿ ಕೆಲಸ ಕೆದಕಿದ್ದರಿಂದಲೇ ರೋಗ ಬಂತೆಂದು ಜನ ದೂರುತ್ತಿದ್ದರು. ಅದು ಸುಳ್ಳೆಂದು ತೋರಿಸುವುದಷ್ಟೇ ಕೂಪರ್‌ಗೆ ಬೇಕಿತ್ತು. ಪಂಪಿನ ಮೇಲೆ ಅವರಿಗೆ ಅನುಮಾನವೇ ಇರಲಿಲ್ಲ, ಹಾಗಾಗಿ ಅವರ ನಕ್ಷೆ ಪಂಪಿನ ಮಾತನ್ನೇ ಎತ್ತಲಿಲ್ಲ.

1854ರ ಕೊನೆಯಲ್ಲೇ, ಕ್ರಿಮಿಯಾ ಯುದ್ಧ ನಡೆಯುತ್ತಿದ್ದಾಗ, ಫ್ಲಾರೆನ್ಸ್ ನೈಟಿಂಗೇಲ್ 38 ದಾದಿಯರೊಂದಿಗೆ ಟರ್ಕಿಯ ಸ್ಕುಟಾರಿಯ ಸೇನಾ ಆಸ್ಪತ್ರೆಗೆ ಹೋದರು. ಕೈಯಲ್ಲಿ ದೀಪ ಹಿಡಿದ ಚಿತ್ರವೇ ನಮ್ಮ ಪಠ್ಯಪುಸ್ತಕಗಳಲ್ಲಿ ಉಳಿದಿದೆ. ಅವರು ಹೆಚ್ಚು ಕಾಲ ಹಿಡಿದದ್ದು ಲೆಕ್ಕದ ಪುಸ್ತಕವನ್ನು. 1855ರ ಜನವರಿ ಒಂದೇ ತಿಂಗಳು, ಸುಮಾರು 32,000 ಜನರ ಬ್ರಿಟಿಷ್ ಸೇನೆಯಲ್ಲಿ ಗಾಯಗಳಿಂದ ಸತ್ತವರು 83, ತಡೆಯಬಹುದಾಗಿದ್ದ ರೋಗಗಳಿಂದ ಸತ್ತವರು 2,761. ಯುದ್ಧದ ನಂತರ ಸೇನೆಯ ಅಧಿಕಾರಿಗಳು ಬದಲಾವಣೆಗೆ ಒಪ್ಪದಿದ್ದಾಗ, ಈ ಅಂತರ ಕಣ್ಣಿಗೆ ರಾಚುವಂತೆ 1858ರಲ್ಲಿ ಒಂದು ಚಿತ್ರ ಪ್ರಕಟಿಸಿದರು. ವರ್ಷಕ್ಕೊಂದರಂತೆ ಎರಡು ಚಕ್ರ, ಹನ್ನೆರಡು ತಿಂಗಳಿಗೆ ಹನ್ನೆರಡು ಹೋಳು. ರೋಗದ ಸಾವಿಗೆ ನೀಲಿ, ಗಾಯದ್ದಕ್ಕೆ ಕೆಂಪು, ಉಳಿದದ್ದಕ್ಕೆ ಕಪ್ಪು. ಬಲಗಡೆಯ ಚಕ್ರದ ತುಂಬ ನೀಲಿ ಉಬ್ಬಿಕೊಂಡಿದೆ. ನೈರ್ಮಲ್ಯ ಆಯೋಗ 1855ರ ಮಾರ್ಚಿನಲ್ಲಿ ಬಂದು ಚರಂಡಿ, ಗಾಳಿ, ನೀರು ಸರಿಪಡಿಸಿದ ನಂತರದ ವರ್ಷದ್ದು ಎಡಗಡೆಯ ಚಕ್ರ, ಅಲ್ಲಿ ನೀಲಿ ಕುಗ್ಗಿ ಹೋಗಿದೆ.

ಈ ಚಿತ್ರದ ಮೊದಲ ರೂಪದಲ್ಲಿ ಒಂದು ದೋಷವಿತ್ತು. ಸಾವಿನ ಸಂಖ್ಯೆಯನ್ನು ಕೇಂದ್ರದಿಂದ ಅಂಚಿಗಿರುವ ದೂರವಾಗಿ ಅಳೆದಿದ್ದರು. ಹಾಗೆ ಮಾಡಿದರೆ ಸಂಖ್ಯೆ ನಾಲ್ಕು ಪಟ್ಟಾದಾಗ ಕಣ್ಣಿಗೆ ಕಾಣುವ ಬಣ್ಣ ಹದಿನಾರು ಪಟ್ಟಾಗುತ್ತದೆ. ಎದುರಾಳಿಗಳ ಬಾಯಿಗೆ ಆಹಾರವಾಗಬಹುದಾಗಿದ್ದ ಈ ತಪ್ಪನ್ನು ಗುರುತಿಸಿ, ಮುಂದಿನ ರೂಪದಲ್ಲಿ ಹೋಳಿನ ವಿಸ್ತೀರ್ಣವೇ ಸಂಖ್ಯೆಗೆ ಸಮನಾಗುವಂತೆ ತಿದ್ದಿದರು. ಇಂದಿಗೂ ಪತ್ರಿಕೆಗಳಲ್ಲಿ ಉಬ್ಬಿದ ವೃತ್ತ, ಉಬ್ಬಿದ ನಾಣ್ಯಗಳ ಚಿತ್ರ ಬರೆಯುವವರು ಇದೇ ಗುಂಡಿಗೆ ಬೀಳುತ್ತಿರುತ್ತಾರೆ.

ನೈಟಿಂಗೇಲ್ ಭಾರತಕ್ಕೆ ಕಾಲಿಟ್ಟವರಲ್ಲ. ಆದರೂ ಭಾರತದ ಸೇನಾ ಠಾಣ್ಯಗಳಿಗೆ ಪ್ರಶ್ನಾವಳಿ ಕಳಿಸಿ ಉತ್ತರ ತರಿಸಿಕೊಂಡರು. 1863ರಲ್ಲಿ ಹೊರಬಂದ ರಾಯಲ್ ಕಮಿಷನ್ ವರದಿಯಲ್ಲಿ ಇವೆಲ್ಲ ಸೇರಿವೆ. ಬೆಂಗಳೂರು ದಂಡಿನ ಉತ್ತರವೂ ಅದರಲ್ಲಿತ್ತು. ಪೇಟೆಯ ಕೊಳಕೆಲ್ಲ ಹರಿದು ಸೇರುವ ಹಲಸೂರು ಕೆರೆಯ ನೀರನ್ನೇ ಕುಡಿಯುತ್ತಾರೆ ಎಂಬುದನ್ನು ಅವರು ತಮ್ಮ ಟಿಪ್ಪಣಿಯಲ್ಲಿ ಎತ್ತಿ ಹೇಳಿದರು. ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿದ್ದರೆಂದು ಆ ವರದಿ ಲೆಕ್ಕ ಹಾಕಿತು. ಸೈನಿಕರ ಸಾವಿಗೆ ಸಿಕ್ಕ ಈ ಕಟ್ಟುನಿಟ್ಟಿನ ಎಣಿಕೆ ಅದೇ ಕೆರೆಯ ನೀರು ಕುಡಿದ ಪೇಟೆಯ ಜನಕ್ಕೆ ಸಿಗಲಿಲ್ಲ.

ಮತದ ಲೆಕ್ಕ ನಕ್ಷೆಗೆ ಇಳಿದದ್ದು ಇದಾದ ಮೇಲೆ, ಅಮೆರಿಕದಲ್ಲಿ. ಫ್ಲೆಚರ್ ಹ್ಯೂಸ್ ಮತ್ತು ಹೆನ್ರಿ ಗ್ಯಾನೆಟ್ 1883ರಲ್ಲಿ ಹೊರತಂದ ‘ಸ್ಕ್ರಿಬ್ನರ್ಸ್ ಸ್ಟಾಟಿಸ್ಟಿಕಲ್ ಅಟ್ಲಾಸ್’ನಲ್ಲಿ 1880ರ ಅಧ್ಯಕ್ಷೀಯ ಚುನಾವಣೆಯ ಫಲಿತಾಂಶವನ್ನು ಕೌಂಟಿ ಕೌಂಟಿಯಾಗಿ ಬಣ್ಣ ಹಚ್ಚಿ ತೋರಿಸಲಾಗಿದೆ. ಗೆಲುವಿನ ಅಂತರ ಹೆಚ್ಚಿದಂತೆ ಬಣ್ಣ ಗಾಢ. ಆ ನಕ್ಷೆಯಲ್ಲಿ ಡೆಮಾಕ್ರಟಿಕ್ ಪಕ್ಷಕ್ಕೆ ಕೆಂಪು, ರಿಪಬ್ಲಿಕನ್ ಪಕ್ಷಕ್ಕೆ ನೀಲಿ, ಇಂದಿನದಕ್ಕೆ ತದ್ವಿರುದ್ಧ. ಬಣ್ಣದ ಟೀವಿ ಬಂದ ಮೇಲೂ ಒಂದೊಂದು ಚಾನೆಲ್ ತನಗೆ ತೋಚಿದಂತೆ ಬಣ್ಣ ಬಳಸುತ್ತಿತ್ತು. 2000ದ ಅಧ್ಯಕ್ಷೀಯ ಚುನಾವಣೆಯಲ್ಲಿ ಬುಷ್ ಮತ್ತು ಗೋರ್ ನಡುವಿನ ಫಲಿತಾಂಶ ಫ್ಲಾರಿಡಾದ 537 ಮತಗಳ ಅಂತರದಲ್ಲಿ ಸಿಕ್ಕಿಕೊಂಡು ಐದು ವಾರ ಎಳೆದಾಗ, ಜನ ಅದೇ ನಕ್ಷೆಯನ್ನು ದಿನಾ ನೋಡಿದರು. ರಿಪಬ್ಲಿಕನ್ ಕೆಂಪು, ಡೆಮಾಕ್ರಟಿಕ್ ನೀಲಿ ಎಂಬುದು ಆಗ ಗಟ್ಟಿಯಾಯಿತು.

ಇಂಥ ನಕ್ಷೆಯ ದೊಡ್ಡ ಕೊರತೆ ಎಂದರೆ ಅದು ಬಣ್ಣ ಹಚ್ಚುವುದು ನೆಲಕ್ಕೆ, ಮತ ಹಾಕುವುದು ಜನ. ಕರ್ನಾಟಕದ ವಿಧಾನಸಭೆಯ ನಕ್ಷೆಯಲ್ಲೇ ಇದು ಸ್ಪಷ್ಟ. 224 ಕ್ಷೇತ್ರಗಳಲ್ಲಿ 28 ಬೆಂಗಳೂರು ನಗರ ಜಿಲ್ಲೆಯಲ್ಲಿವೆ, ಅಂದರೆ ಎಂಟರಲ್ಲಿ ಒಂದು ಪಾಲು. ಆ ಜಿಲ್ಲೆಯ ವಿಸ್ತೀರ್ಣ ರಾಜ್ಯದ ನೂರರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು, ಅಷ್ಟೇ. ಫಲಿತಾಂಶದ ದಿನ ಟೀವಿಯಲ್ಲಿ ಮಲೆನಾಡಿನ ಒಂದು ಕ್ಷೇತ್ರ ಅಂಗೈಯಗಲ ಮೆರೆಯುವಾಗ ಬೆಂಗಳೂರಿನ 28 ಕ್ಷೇತ್ರಗಳು ಒಂದು ಚುಕ್ಕೆಯಲ್ಲಿ ಅಡಗಿಕೊಳ್ಳುತ್ತವೆ, ಅದನ್ನು ಮೂಲೆಯಲ್ಲಿ ಬೇರೆಯಾಗಿ ದೊಡ್ಡದು ಮಾಡಿ ತೋರಿಸಬೇಕಾಗುತ್ತದೆ. ಜನಸಂಖ್ಯೆಗೆ ತಕ್ಕಂತೆ ನೆಲವನ್ನೇ ಹಿಗ್ಗಿಸಿ ಕುಗ್ಗಿಸುವ ಕಾರ್ಟೊಗ್ರಾಮ್ ಇದಕ್ಕೊಂದು ಪರಿಹಾರ. ಮಿಷಿಗನ್ ವಿಶ್ವವಿದ್ಯಾಲಯದ ಮೈಕಲ್ ಗ್ಯಾಸ್ಟ್ನರ್ ಮತ್ತು ಮಾರ್ಕ್ ನ್ಯೂಮನ್ 2004ರಲ್ಲಿ ಅದಕ್ಕೊಂದು ಒಳ್ಳೆಯ ಗಣಿತ ಕ್ರಮ ಕೊಟ್ಟರು. ಲೆಕ್ಕ ಸರಿಯಾಗುತ್ತದೆ, ಆದರೆ ನೋಡುವವರಿಗೆ ತಮ್ಮ ಊರಿನ ಗುರುತೇ ಹತ್ತುವುದಿಲ್ಲ.

ಬ್ರಿಟನ್ನಿನವರು ನಕ್ಷೆಯ ಬದಲು ಗಡಿಯಾರದ ಮುಳ್ಳನ್ನು ಹಿಡಿದರು. ಒಂದು ಪಕ್ಷದ ಗಳಿಕೆ, ಇನ್ನೊಂದರ ನಷ್ಟ ಇವೆರಡರ ಸರಾಸರಿಯನ್ನು ‘ಸ್ವಿಂಗ್’ ಎಂದು ತೋರಿಸುವ ಸ್ವಿಂಗೋಮೀಟರನ್ನು ಬಿಬಿಸಿ 1955ರಲ್ಲಿ ಸ್ಥಳೀಯವಾಗಿಯೂ 1959ರಲ್ಲಿ ದೇಶಕ್ಕೆಲ್ಲ ಆಗುವಂತೆಯೂ ಬಳಸಿತು. ಸ್ವಿಂಗ್ ಲೆಕ್ಕವನ್ನು ಬೆಳೆಸಿದ ಡೇವಿಡ್ ಬಟ್ಲರ್, ಅಶೋಕ್ ಲಾಹಿರಿ ಮತ್ತು ಪ್ರಣಯ್ ರಾಯ್ ಜೊತೆಗೂಡಿ 1984ರಲ್ಲಿ ಭಾರತದ ಚುನಾವಣೆಗಳ ಅಂಕಿಅಂಶದ ಪುಸ್ತಕ ತಂದರು. ಎರಡೇ ಪಕ್ಷಗಳ ನಾಡಿಗೆ ಹೊಲಿದ ಅಂಗಿ ಇಲ್ಲಿಗೆ ಒಗ್ಗುವಂತಿರಲಿಲ್ಲ. ಕಾಂಗ್ರೆಸ್ಸಿನ ಮತ ಎಳ್ಳಷ್ಟೂ ಕದಲದಿದ್ದರೂ ಎದುರಾಳಿಗಳು ಒಂದಾದರೆ ಸೀಟುಗಳು ಕೈಜಾರುತ್ತಿದ್ದವು. ಅದಕ್ಕೆಂದೇ ವಿರೋಧ ಪಕ್ಷಗಳ ಒಗ್ಗಟ್ಟಿನ ಸೂಚ್ಯಂಕವೊಂದನ್ನು ಲೆಕ್ಕಕ್ಕೆ ಸೇರಿಸಬೇಕಾಯಿತು. 1989ರಲ್ಲಿ ರಾಯ್ ಮತ್ತು ವಿನೋದ್ ದುವಾ ದೂರದರ್ಶನದಲ್ಲಿ ಫಲಿತಾಂಶ ವಿಶ್ಲೇಷಿಸಿದಾಗ ಈ ಲೆಕ್ಕಾಚಾರ ಮನೆ ಮನೆಗೆ ತಲುಪಿತು.

ಆಟದ ಚಿತ್ರಗಳು ಹುಟ್ಟಿದ್ದು ಸ್ಕೋರರನ ಪೆನ್ಸಿಲಿನಿಂದ. ಆಸ್ಟ್ರೇಲಿಯಾದ ಬಿಲ್ ಫರ್ಗ್ಯೂಸನ್ 1905ರ ಇಂಗ್ಲೆಂಡ್ ಪ್ರವಾಸಕ್ಕೆ ಸ್ಕೋರರ್ ಆಗಿ ಹೋದವರು. ಕೆಲಸ ಕೇಳಲು ನೆಪ ಬೇಕೆಂದು ಆಟಗಾರನೂ ದಂತವೈದ್ಯನೂ ಆಗಿದ್ದ ಮಾಂಟಿ ನೋಬಲ್ ಬಳಿ ಹಲ್ಲು ತೋರಿಸಲು ಹೋದರೆಂಬ ಕಥೆಯಿದೆ. ಬ್ಯಾಟ್ಸ್‌ಮನ್ ಹೊಡೆದ ಪ್ರತಿ ರನ್ನು ಮೈದಾನದ ಯಾವ ದಿಕ್ಕಿಗೆ ಹೋಯಿತೆಂದು ಅವರು ಗೆರೆ ಎಳೆದಿಡುತ್ತಿದ್ದರು. ಟೀವಿಯ ವ್ಯಾಗನ್ ವೀಲ್‌ಗೆ ಅದೇ ಮೂಲ. ಓವರಿಗೊಂದು ಕಂಬ ನಿಲ್ಲಿಸುವ ‘ಮ್ಯಾನ್‌ಹಟನ್’, ಎರಡು ತಂಡಗಳ ಮೊತ್ತ ತೆವಳುತ್ತ ಏರುವ ‘ವರ್ಮ್’ ಒಂದು ದಿನದ ಪಂದ್ಯಗಳ ಅಬ್ಬರದೊಂದಿಗೆ ಬಂದವು. 2001ರ ಮೇ ತಿಂಗಳಲ್ಲಿ ಲಾರ್ಡ್ಸ್‌ನ ಇಂಗ್ಲೆಂಡ್–ಪಾಕಿಸ್ತಾನ ಟೆಸ್ಟಿನಲ್ಲಿ ಚೆಂಡಿನ ಹಾದಿ ಹಿಡಿದಿಡುವ ಹಾಕ್ ಐ ತಂತ್ರ ಕಾಣಿಸಿಕೊಂಡ ಮೇಲೆ ಬೌಲರ್‌ಗೂ ಚಿತ್ರ ಸಿಕ್ಕಿತು. ಚೆಂಡು ಎಲ್ಲಿ ಬಿತ್ತು, ಬ್ಯಾಟ್ಸ್‌ಮನ್ನನ್ನು ಎಷ್ಟು ಎತ್ತರದಲ್ಲಿ ದಾಟಿತು ಎಂಬುದೆಲ್ಲ ಚುಕ್ಕೆಗಳಾಯಿತು.

ಬ್ಯಾಟಿಂಗಿನ ಚಿತ್ರಗಳು ಮಾತ್ರ ರನ್ನಿನ ಪಕ್ಷಪಾತಿಗಳಾಗಿಯೇ ಉಳಿದವು. ರಾಹುಲ್ ದ್ರಾವಿಡ್ 2003ರ ಡಿಸೆಂಬರಿನಲ್ಲಿ ಅಡಿಲೇಡಿನಲ್ಲಿ ಗಳಿಸಿದ 233ನ್ನೇ ನೋಡಬಹುದು. ಆಡಿದ್ದು 446 ಎಸೆತ, 23 ಬೌಂಡರಿ, ಒಂದು ಸಿಕ್ಸರ್. ಈ 24 ಹೊಡೆತಗಳಿಂದ ಬಂದದ್ದು 98. ಉಳಿದ 135 ರನ್ನು ಒಂಟಿ ಒಂಟಿಯಾಗಿಯೇ ಬಂತೆಂದು ಹಿಡಿದರೂ, ರನ್ನು ಬಂದ ಎಸೆತ 159 ದಾಟುವುದಿಲ್ಲ. ಅಂದರೆ ಕನಿಷ್ಠ 287 ಎಸೆತಗಳಿಗೆ ವ್ಯಾಗನ್ ವೀಲ್‌ನಲ್ಲಿ ಒಂದು ಗೆರೆಯೂ ಇಲ್ಲ. ಬಿಟ್ಟ ಚೆಂಡು, ತಡೆದ ಚೆಂಡು, ಬೌಲರ್‌ನನ್ನು ದಣಿಸಿದ ಗಂಟೆಗಳು ಇವೆಲ್ಲ ಖಾಲಿ ಹಸಿರು. ಆ ಪಂದ್ಯವನ್ನು ಭಾರತ ಗೆದ್ದದ್ದರಲ್ಲಿ ಆ ಖಾಲಿ ಹಸಿರಿನ ಪಾಲು ಸಣ್ಣದಲ್ಲ.

2020ರಲ್ಲಿ ರೋಗದ ಚಿತ್ರ ಮತ್ತೆ ಮುಂಚೂಣಿಗೆ ಬಂತು. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಲಾರೆನ್ ಗಾರ್ಡ್ನರ್ ಮತ್ತು ಅವರ ವಿದ್ಯಾರ್ಥಿ ಎನ್‌ಶೆಂಗ್ ಡಾಂಗ್ ಜನವರಿ 22ರಂದು ಕೋವಿಡ್ ನಕ್ಷೆಯನ್ನು ಅಂತರ್ಜಾಲಕ್ಕೆ ಹಾಕಿದರು. ಕಪ್ಪು ಹಿನ್ನೆಲೆಯ ಆ ಕೆಂಪು ವೃತ್ತಗಳನ್ನು ಜಗತ್ತೆಲ್ಲ ನೋಡಿತು. ಮಾರ್ಚಿನಲ್ಲಿ ಹರಿದಾಡಿದ ಇನ್ನೊಂದು ಚಿತ್ರ, ರೋಗವನ್ನು ತಡೆಯದಿದ್ದರೆ ಏಳುವ ಎತ್ತರದ ಒಂದು ಗುಡ್ಡ ಹಾಗೂ ತಡೆದರೆ ತಗ್ಗಾಗುವ ಒಂದು ದಿಬ್ಬ, ಮೂಲದಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2007ರಲ್ಲಿ ಬರೆದದ್ದು. ಆಸ್ಪತ್ರೆಗಳು ತಾಳಬಲ್ಲ ಮಿತಿಯ ಗೆರೆ ಆಮೇಲೆ ಸೇರಿತು. ಕೋಟ್ಯಂತರ ಜನರನ್ನು ಮನೆಯಲ್ಲಿ ಕೂರಿಸಿದ ಆ ಚಿತ್ರದಲ್ಲಿ ಒಂದೇ ಒಂದು ಅಂಕಿ ಇರಲಿಲ್ಲ.

ಅಂಕಿಗಳು ಕರ್ನಾಟಕದ ಆರೋಗ್ಯ ಇಲಾಖೆಯ ದಿನದ ಪ್ರಕಟಣೆಯಲ್ಲಿ ಬೇಕಾದಷ್ಟಿದ್ದವು. ಮೊದಲ ತಿಂಗಳುಗಳಲ್ಲಿ ಪ್ರತಿ ಸೋಂಕಿತರಿಗೂ ‘ಪಿ’ ಅಕ್ಷರದ ಜೊತೆ ಒಂದು ಕ್ರಮಸಂಖ್ಯೆ, ವಯಸ್ಸು, ಜಿಲ್ಲೆ, ಯಾರ ಸಂಪರ್ಕದಿಂದ ಬಂತೆಂಬ ವಿವರ ಇರುತ್ತಿತ್ತು. ಈ ಕೊಂಡಿಗಳನ್ನು ಹಿಡಿದು ಸಂಶೋಧಕರು ಸೋಂಕಿನ ಜಾಲಚಿತ್ರಗಳನ್ನು ಬರೆದರು. ಬಹುಪಾಲು ಜನ ಯಾರಿಗೂ ಸೋಂಕು ದಾಟಿಸದೆ ಉಳಿದದ್ದು, ಕೆಲವರಿಂದಲೇ ಹಲವರಿಗೆ ಹಬ್ಬಿದ್ದು ಅಲ್ಲಿ ಕಾಣುತ್ತಿತ್ತು. ದಿನದ ಪ್ರಕರಣಗಳು ಸಾವಿರ ದಾಟಿದಂತೆ ಸಂಪರ್ಕದ ಅಂಕಣದಲ್ಲಿ ‘ಪತ್ತೆ ಹಚ್ಚಲಾಗುತ್ತಿದೆ’ ಎಂಬ ನಮೂದೇ ಹೆಚ್ಚಾಯಿತು, ಜಾಲಚಿತ್ರ ಬರೆಯಲು ಎಳೆಗಳು ಸಿಗದಾದವು. ರಾಜ್ಯಗಳ ಪ್ರಕಟಣೆಗಳನ್ನು ಸ್ವಯಂಸೇವಕರು ಒಟ್ಟುಮಾಡಿ ದೇಶದ ಚಿತ್ರ ಕೊಡುತ್ತಿದ್ದ ಕೋವಿಡ್19ಇಂಡಿಯಾ ತಾಣ 2021ರ ಅಕ್ಟೋಬರ್ ಕೊನೆಗೆ ಕೆಲಸ ನಿಲ್ಲಿಸಿತು. ಅಮೆರಿಕದ ರಾಜ್ಯಗಳು ದಿನದ ಲೆಕ್ಕ ಕೊಡುವುದನ್ನು ಕೈಬಿಡುತ್ತ ಹೋದಂತೆ ಹಾಪ್ಕಿನ್ಸ್ ನಕ್ಷೆಯೂ 2023ರ ಮಾರ್ಚ್ 10ರಂದು ನಿಂತಿತು.