ಇಂಟು

ಗುಣಾಕಾರ ಇರುವುದು ಪಠ್ಯಪುಸ್ತಕದಲ್ಲಿ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಓಡಾಡುವುದು ಇಂಟು. "ನಲವತ್ತೆಂಟು ಇಂಟು ಆರು" ಎನ್ನುತ್ತಲೇ ಅಂಗಡಿಯವರ ಬೆರಳು ಕ್ಯಾಲ್ಕುಲೇಟರಿನ ಮೇಲಿರುತ್ತದೆ. ಇಂಗ್ಲೆಂಡಿನ ಮಕ್ಕಳು ಇಂಟು ಎಂದರೆ ಭಾಗಾಕಾರಕ್ಕೆ ಹೊರಡಬಹುದು. ನಮ್ಮಲ್ಲಿ ಅದು ಗುಣಾಕಾರವೇ.

ಭದ್ರಾವತಿಯ ಸಾಮಿಲ್ಲಿನಲ್ಲಿ ಬಾಗಿಲ ಚೌಕಟ್ಟಿಗೆ ಮರ ಕೇಳಿದರೆ "ನಾಲ್ಕು ಇಂಟು ಮೂರು ಸಾಕಾ?" ಎಂಬ ಪ್ರಶ್ನೆ ಬರುತ್ತದೆ. ನಾಲ್ಕಿಂಚು ಅಗಲ, ಮೂರಿಂಚು ದಪ್ಪ. ಉದ್ದ ಮಾತ್ರ ಅಡಿಯಲ್ಲಿ. ಮೂರನ್ನೂ ಗುಣಿಸಿ 144ರಿಂದ ಭಾಗಿಸಿದರೆ ಘನ ಅಡಿ ಸಿಗುತ್ತದೆ, ಏಕೆಂದರೆ ಒಂದು ಚದರ ಅಡಿಯಲ್ಲಿರುವುದು 144 ಚದರ ಇಂಚು. 12 ಅಡಿ ಉದ್ದದ ಮರವಾದರೆ ಭಾಗಿಸುವ ತಾಪತ್ರಯವೂ ಇಲ್ಲ: 12 ಇಂಟು 4 ಇಂಟು 3 ಎಂದರೆ 144, ಸರಿಯಾಗಿ ಒಂದು ಘನ ಅಡಿ. ಮೊದಲು ನಾಲ್ಕು ಮೂರ್ಲಿ ಹನ್ನೆರಡು ಎಂದರೂ ಅಷ್ಟೇ, 12 ನಾಲ್ಕ್ಲಿ 48 ಎಂದು ಹೊರಟರೂ ಅಷ್ಟೇ. ಸಹವರ್ತನೀಯ ಗುಣ ಎಂಬ ಭಾರದ ಹೆಸರು ಅಲ್ಲಿ ಯಾರಿಗೂ ಬೇಕಿಲ್ಲ.

ಗುಂಟೆಯೂ ಹೀಗೆಯೇ, 33 ಅಡಿ ಇಂಟು 33 ಅಡಿ. ಬಾಯಿಲೆಕ್ಕದವರು ಅದನ್ನು ಒಡೆಯುತ್ತಾರೆ: 33 ಮೂವತ್ತಲಿ 990, 33 ಮೂರ್ಲಿ 99, ಕೂಡಿದರೆ 1089.

ಈ × ಚಿಹ್ನೆಯನ್ನು ವಿಲಿಯಂ ಆಟ್‌ರೆಡ್ 1631ರ ತನ್ನ ಪುಸ್ತಕದಲ್ಲಿ ಬಳಸಿದ. ಅದು ಎಕ್ಸ್ ಅಕ್ಷರದಂತೆ ಕಾಣುತ್ತದೆಂದು ಲೈಬ್ನಿಟ್ಸ್ 1698ರಲ್ಲೇ ಗೊಣಗಿದ್ದ. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷನ ಕಾಲದಲ್ಲಿ 'ಗಣಿತಸಾರಸಂಗ್ರಹ' ಬರೆದ ಮಹಾವೀರಾಚಾರ್ಯನಿಗೆ ಇಂಥ ಚಿಹ್ನೆಯ ಹಂಗಿರಲಿಲ್ಲ. ಆದರೂ 142857143ನ್ನು 7ರಿಂದ ಗುಣಿಸಿ, ಎರಡೂ ತುದಿಯಲ್ಲಿ ಒಂದು, ನಡುವೆಲ್ಲ ಸೊನ್ನೆ ಇರುವ 1000000001 ಎಂಬ ಕಂಠಾಭರಣ ಮಾಡಿದ.

ಚಿಹ್ನೆಗೆ ಬೇರೆ ಸಂಸಾರವೂ ಇದೆ. ಉತ್ತರಪತ್ರಿಕೆಯಲ್ಲಿ ಇಂಟು ಮಾರ್ಕ್ ಬಿದ್ದರೆ ತಪ್ಪು. ಭದ್ರಾವತಿ ಸ್ಟೇಷನ್ ದಾಟುವ ರೈಲಿನ ಕೊನೆಯ ಬೋಗಿಯ ಬೆನ್ನಿಗೆ ಅದೇ ಇಂಟು ಇದ್ದರೆ ಎಲ್ಲ ಸರಿ, ಯಾವ ಬೋಗಿಯೂ ಹಿಂದೆ ಉಳಿದಿಲ್ಲ.

ಸೈಟಿನ ಮಾತಿಗೆ ಬಂದರೆ ಇಂಟು ಬಾಯಿಂದಲೇ ಜಾರಿಹೋಗುತ್ತದೆ. "ಥರ್ಟಿ ಫಾರ್ಟಿ" ಎಂದರೆ ಮುಗಿಯಿತು. 30 ಇಂಟು 40 ಆಗಲಿ, 40 ಇಂಟು 30 ಆಗಲಿ, 1200 ಚದರ ಅಡಿಯೇ. ಪರಿವರ್ತನೀಯ ಗುಣ ಅಷ್ಟಕ್ಕೆ ಸಮಾಧಾನಪಡುತ್ತದೆ. ಕೊಳ್ಳುವವರು ಮಾತ್ರ ಇನ್ನೊಂದು ಮಾತು ಕೇಳಿಯೇ ಕೇಳುತ್ತಾರೆ: "ರೋಡ್ ಕಡೆಗೆ ಮೂವತ್ತಾ, ನಲವತ್ತಾ?"