ಪಂದ್ಯ ‘ಪುರುಷೋತ್ತಮೆ’ಗೆ ಪದ ಸಿಗದ ಪುಟಗಳು

ಇಂಗ್ಲೆಂಡಿನ ಡರ್ಬಿಯಲ್ಲಿ 2017ರ ಜುಲೈ 15ರಂದು ಭಾರತದ ಮಹಿಳೆಯರು ನ್ಯೂಜಿಲೆಂಡ್ ವಿರುದ್ಧ ಆಡಿದ ಪಂದ್ಯ, ಗೆದ್ದರೆ ವಿಶ್ವಕಪ್ ಸೆಮಿಫೈನಲ್, ಸೋತರೆ ಊರಿನ ದಾರಿ ಎಂಬಂಥದು. ನಾಯಕಿ ಮಿಥಾಲಿ ರಾಜ್ 109 ರನ್ ಗಳಿಸಿದರು. ಜೊತೆಗೆ ನಿಂತ ಕಡೂರಿನ ವೇದಾ ಕೃಷ್ಣಮೂರ್ತಿ 45 ಎಸೆತಗಳಲ್ಲಿ 70 ರನ್ ಚಚ್ಚಿದರು. ನಂತರ ವಿಜಯಪುರದ ರಾಜೇಶ್ವರಿ ಗಾಯಕವಾಡ ಬರೀ 15 ರನ್ ಕೊಟ್ಟು ಐದು ವಿಕೆಟ್ ಕಿತ್ತರು. ಎದುರಾಳಿಗಳ ಕಥೆ 79 ರನ್ನಿಗೆ ಮುಗಿಯಿತು.

ಕಡೂರು, ತರೀಕೆರೆ, ಅಜ್ಜಂಪುರದ ಕಡೆಯ ಬಹಳ ಜನ ವೇದಾ ಹೆಸರನ್ನು ಮೊದಲು ಕೇಳಿದ್ದು ಆ ತಿಂಗಳಲ್ಲೇ ಇರಬೇಕು. ಆದರೆ ಆಕೆ ಹೊಸಬರೇನೂ ಆಗಿರಲಿಲ್ಲ. 2011ರ ಜೂನ್ 30ರಂದು, ಅದೇ ಡರ್ಬಿ ಮೈದಾನದಲ್ಲಿ, ಹದಿನೆಂಟರ ಹರೆಯದಲ್ಲಿ ತಮ್ಮ ಮೊದಲ ಏಕದಿನ ಪಂದ್ಯದಲ್ಲೇ ಅರ್ಧ ಶತಕ ಹೊಡೆದಿದ್ದರು. ಆಗ ಇಡೀ ದೇಶ ಧೋನಿ ಬಳಗದ ವಿಶ್ವಕಪ್ ಗೆಲುವಿನ ಗುಂಗಿನಲ್ಲಿತ್ತು. ಆರು ವರ್ಷ ಭಾರತಕ್ಕೆ ಆಡಿದವರು ತಮ್ಮ ಸೀಮೆಯವರಿಗೇ ಹೊಸಬರಾಗಿ ಕಾಣುವುದು ಹೇಗೆ?

ಉತ್ತರ ಹುಡುಕಲು ನಾಲ್ಕು ದಶಕ ಹಿಂದೆ ಹೋಗಬೇಕು. ಭಾರತದ ಮಹಿಳೆಯರ ಮೊಟ್ಟಮೊದಲ ಟೆಸ್ಟ್ ಪಂದ್ಯ ಆರಂಭವಾದದ್ದು ಬೆಂಗಳೂರಿನಲ್ಲಿ, 1976ರ ಅಕ್ಟೋಬರ್ 31ರಂದು, ವೆಸ್ಟ್ ಇಂಡೀಸ್ ವಿರುದ್ಧ. ನಾಯಕಿ ಬೆಂಗಳೂರಿನವರೇ ಆದ ಶಾಂತಾ ರಂಗಸ್ವಾಮಿ. ಅದೇ ನವೆಂಬರಿನಲ್ಲಿ ಪಟ್ನಾದಲ್ಲಿ ತಂಡ ಮೊದಲ ಟೆಸ್ಟ್ ಗೆಲುವು ಕಂಡಿತು. 1977ರ ಜನವರಿಯಲ್ಲಿ ನ್ಯೂಜಿಲೆಂಡಿನ ಡ್ಯುನೆಡಿನ್‌ನಲ್ಲಿ ಶಾಂತಾ 108 ರನ್ ಗಳಿಸಿ, ಟೆಸ್ಟ್ ಶತಕ ಬಾರಿಸಿದ ಮೊದಲ ಭಾರತೀಯ ಮಹಿಳೆ ಎನಿಸಿದರು. ಅರ್ಜುನ ಪ್ರಶಸ್ತಿ ಪಡೆದ ಮೊದಲ ಕ್ರಿಕೆಟ್ ಆಟಗಾರ್ತಿಯೂ ಅವರೇ.

ಬೆಂಗಳೂರು ದೂರದರ್ಶನ ಕೇಂದ್ರ ಶುರುವಾದದ್ದು 1981ರಲ್ಲಿ. ಅಂದರೆ 1976ರಲ್ಲಿ ಕಡೂರಿನ ಓದುಗನಿಗೆ ಈ ಆಟದ ಸುದ್ದಿ ಮುಟ್ಟಬೇಕಾದರೆ ರೇಡಿಯೊ ಹೇಳಬೇಕು, ಇಲ್ಲವೇ ಪತ್ರಿಕೆ ಬರೆಯಬೇಕು. ಅವು ಸುಮ್ಮನಿದ್ದರೆ ಆ ಪಂದ್ಯ ನಡೆದೇ ಇಲ್ಲ ಎಂದಂತೆ. ಗವಾಸ್ಕರ್, ವಿಶ್ವನಾಥ್ ಅವರ ಒಂದೊಂದು ಹೊಡೆತವನ್ನೂ ನೆನಪಿಟ್ಟುಕೊಂಡ ತಲೆಮಾರಿಗೆ ಡ್ಯುನೆಡಿನ್‌ನ ಶತಕ ಗೊತ್ತಿಲ್ಲದಿರುವುದಕ್ಕೆ ಆ ಶತಕ ಕಾರಣವಲ್ಲ.

ಮರೆವಿನ ಪಟ್ಟಿ ಉದ್ದವಿದೆ. ಮಹಿಳೆಯರ ವಿಶ್ವಕಪ್ ನಡೆದದ್ದು 1973ರಲ್ಲಿ, ಪುರುಷರದಕ್ಕಿಂತ ಎರಡು ವರ್ಷ ಮೊದಲು. ಭಾರತ ಮೊದಲ ಬಾರಿ ಕ್ರಿಕೆಟ್ ವಿಶ್ವಕಪ್ ನಡೆಸಿಕೊಟ್ಟದ್ದು ಯಾವಾಗ ಎಂದರೆ 1987 ಎನ್ನುವವರೇ ಹೆಚ್ಚು. ಮಹಿಳೆಯರ ವಿಶ್ವಕಪ್ 1978ರಲ್ಲೇ ಇಲ್ಲಿ ನಡೆದಿತ್ತು. 2010ರಲ್ಲಿ ಸಚಿನ್ ತೆಂಡೂಲ್ಕರ್ ಗ್ವಾಲಿಯರ್‌ನಲ್ಲಿ 200 ಮುಟ್ಟಿದಾಗ ಏಕದಿನದ ಮೊದಲ ದ್ವಿಶತಕ ಎಂದು ಸಂಭ್ರಮಿಸಲಾಯಿತು. ಆಸ್ಟ್ರೇಲಿಯಾದ ಬೆಲಿಂಡಾ ಕ್ಲಾರ್ಕ್ 1997ರಲ್ಲೇ ಮುಂಬೈಯಲ್ಲಿ, ಡೆನ್ಮಾರ್ಕ್ ವಿರುದ್ಧ, ಔಟಾಗದೆ 229 ಗಳಿಸಿದ್ದರು.

ಇದು ನಮ್ಮಲ್ಲಿ ಮಾತ್ರ ಎಂದೇನಿಲ್ಲ. ಅಮೆರಿಕದ ಲಾಸ್ ಏಂಜಲೀಸ್‌ನ ಟಿ.ವಿ. ಸುದ್ದಿಗಳನ್ನು ಸಂಶೋಧಕರು 1989ರಿಂದ ಆಗಾಗ ಅಳೆಯುತ್ತ ಬಂದಿದ್ದಾರೆ. ಆ ವರ್ಷ ಕ್ರೀಡಾ ಸುದ್ದಿಯ ಸಮಯದಲ್ಲಿ ಮಹಿಳೆಯರ ಪಾಲು ಶೇ 5. ಮೂವತ್ತು ವರ್ಷಗಳ ನಂತರ, 2019ರಲ್ಲಿ, ಶೇ 5.4.

ಕನ್ನಡ ಕ್ರೀಡಾಪುಟಗಳ ಭಾಷೆಯಲ್ಲೂ ಒಂದು ತಮಾಷೆಯಿದೆ. ಬ್ಯಾಟ್ ಹಿಡಿದವನು ‘ದಾಂಡಿಗ’. ಪಂದ್ಯ ಗೆಲ್ಲಿಸಿದವನು ‘ಪಂದ್ಯ ಪುರುಷೋತ್ತಮ’. ಮಿಥಾಲಿಯನ್ನು ಏನೆನ್ನಬೇಕು? ‘ಪಂದ್ಯಶ್ರೇಷ್ಠೆ’ಯಂಥ ಪದಗಳು ಆಮೇಲೆ ಬಂದವು. ‘ಮಹಿಳಾ ಕ್ರಿಕೆಟ್’ ಎಂಬ ಮಾತುಂಟು, ‘ಪುರುಷ ಕ್ರಿಕೆಟ್’ ಎಂದು ಯಾರೂ ಬರೆಯುವುದಿಲ್ಲ. ಅದು ಬರೀ ಕ್ರಿಕೆಟ್. ತಾಲ್ಲೂಕು ಕ್ರೀಡಾಕೂಟದ ವರದಿಯಲ್ಲಿ ಬಾಲಕರ ಕಬಡ್ಡಿ, ಕೊಕ್ಕೊ ಫಲಿತಾಂಶ ಮೊದಲು, ಬಾಲಕಿಯರದು ಕೊನೆಗೆ. ಪುಟದಲ್ಲಿ ಜಾಗ ಸಾಲದಿದ್ದರೆ ಕತ್ತರಿ ಬೀಳುವುದು ಕೊನೆಯ ಸಾಲಿಗೇ.

ಜನ ನೋಡುವುದಿಲ್ಲ, ಅದಕ್ಕೇ ತೋರಿಸುವುದಿಲ್ಲ ಎಂಬ ಸಮಜಾಯಿಷಿ ಹಳೆಯದು. 2017ರ ವಿಶ್ವಕಪ್ಪಿನ 31 ಪಂದ್ಯಗಳಲ್ಲಿ ಟಿ.ವಿ.ಯಲ್ಲಿ ನೇರವಾಗಿ ಬಂದದ್ದು ಹತ್ತು ಮಾತ್ರ, ಉಳಿದವು ಅಂತರ್ಜಾಲಕ್ಕೆ. ಆದರೂ ಭಾರತದಲ್ಲಿ ಆ ಟೂರ್ನಿ 15.6 ಕೋಟಿ ಜನರನ್ನು ಮುಟ್ಟಿತೆಂದು ಐಸಿಸಿ ಲೆಕ್ಕ ಕೊಟ್ಟಿತು. ಅವರಲ್ಲಿ 8 ಕೋಟಿ ಜನ ಗ್ರಾಮೀಣರು. ಲಾರ್ಡ್ಸ್‌ನ ಫೈನಲ್ಲಿನಲ್ಲಿ ವೇದಾ 35 ರನ್ ಗಳಿಸಿ ಔಟಾದರು. ಮೂರಕ್ಕೆ 191ರಲ್ಲಿದ್ದ ಭಾರತ 219ಕ್ಕೆ ಕುಸಿದು ಒಂಬತ್ತು ರನ್ನಿನಿಂದ ಸೋತಿತು. ಆ ಸೋಲನ್ನು ಊರೂರುಗಳಲ್ಲಿ ಜನ ಆಡಿಕೊಂಡರು, ಮರುಗಿದರು. ಮಹಿಳೆಯರ ಆಟಕ್ಕೆ ಇಷ್ಟು ಬೈಗುಳವೂ ಹಿಂದೆ ಸಿಕ್ಕಿರಲಿಲ್ಲ.

ನಂತರ ಗಾಳಿ ಬದಲಾಯಿತು. 2022ರಲ್ಲಿ ಬಿಸಿಸಿಐ ಪಂದ್ಯದ ಸಂಭಾವನೆಯನ್ನು ಪುರುಷರಿಗೆ ಸಮ ಮಾಡಿತು. 2023ರಲ್ಲಿ ಮಹಿಳಾ ಪ್ರೀಮಿಯರ್ ಲೀಗಿನ ಐದು ವರ್ಷಗಳ ಪ್ರಸಾರ ಹಕ್ಕು 951 ಕೋಟಿ ರೂಪಾಯಿಗೆ ಹೋಯಿತು. 2025ರ ನವೆಂಬರ್ 2ರಂದು ನವಿ ಮುಂಬೈಯಲ್ಲಿ ಭಾರತ ವಿಶ್ವಕಪ್ ಗೆದ್ದಾಗ ಪತ್ರಿಕೆಗಳ ಮುಖಪುಟ ಅವರದಾಯಿತು. ಆ ಗೆಲುವಿಗೆ ಕೆಲವೇ ತಿಂಗಳ ಮುಂಚೆ, ಜುಲೈಯಲ್ಲಿ, ವೇದಾ ಕೃಷ್ಣಮೂರ್ತಿ ನಿವೃತ್ತಿ ಘೋಷಿಸಿದ್ದರು. ಅವರೀಗ ಇರುವುದು ವೀಕ್ಷಕ ವಿವರಣೆಯ ಮೈಕಿನ ಮುಂದೆ.